ಕೊನೆಯ ದಿಂಬಿನ ಉಡಿ

ಕಿಸೆಯಲ್ಲಿ ಅಡಿಕೆ ಇತ್ತು. ಕುರ್ಚಿಯಲ್ಲಿ ಕೂತರೆ ತೊಡೆಗೆ ಒತ್ತುತ್ತಿತ್ತು, ಎದ್ದು ನಿಂತರೆ ಜಾರಿ ಕಿಸೆಯ ತಳಕ್ಕೆ ಹೋಗಿ ಸುಮ್ಮನಾಗುತ್ತಿತ್ತು. ಪ್ರಭುವಿಗೆ ಎಲೆ ಅಡಿಕೆಯ ಚಟ ಎಂದೂ ಇರಲಿಲ್ಲ. ಮೊನ್ನೆಯಿಂದ ಅದನ್ನು ಒಂದು ಪ್ಯಾಂಟಿನಿಂದ ಇನ್ನೊಂದಕ್ಕೆ ಬದಲಾಯಿಸುತ್ತ ಬಂದಿದ್ದ. ಎಸೆಯಲು ಕೈ ಬಂದಿರಲಿಲ್ಲ, ಇಡಲು ಜಾಗ ಸಿಕ್ಕಿರಲಿಲ್ಲ. ಅಡುಗೆಮನೆಯಲ್ಲಿ ಇಟ್ಟರೆ ಹೆಂಡತಿ ಸುನಿತಾ ಯಾಕೆ ಎಂದು ಕೇಳುತ್ತಾಳೆ, ದೇವರ ಜಗುಲಿಯಲ್ಲಿ ಇಟ್ಟರೆ ದೇವರೇ ಕೇಳಬಹುದು. ಆದ್ದರಿಂದ ಸಾಧಿಕ್ ಲ್ಯಾಪ್‌ಟಾಪಿನಿಂದ ತಲೆ ಎತ್ತದೆ, "ದಿಂಬಿನ ಒಳಗ ಏನೇನ ಹಾಕ್ತೀರಿ ಸರ್?" ಎಂದು ಕೇಳಿದಾಗ ಪ್ರಭುವಿನ ಕೈ ತಾನಾಗಿ ಕಿಸೆಯ ಮೇಲೆ ಹೋಯಿತು. ಹೋದದ್ದು ತಿಳಿದು, ಕರವಸ್ತ್ರ ತೆಗೆದು ಬೆವರಿಲ್ಲದ ಹಣೆಯನ್ನು ಒರೆಸಿಕೊಂಡ.

"ಫೋಮ್," ಎಂದ. ತುಸು ತಡೆದು, "ಬರೀ ಫೋಮ್," ಎಂದ.

ಅಣ್ಣಿಗೇರಿಯಿಂದ ಗದಗಿನ ಕಡೆ ಹೋಗುವ ರಸ್ತೆಯ ಬಾಜೂಕ, ಹಿಂದೆ ಕಡಲೆಯ ಗೋದಾಮಾಗಿದ್ದ ತಗಡಿನ ಶೆಡ್ಡು ಅದು. ಎಷ್ಟು ತೊಳೆದರೂ ಮೂಲೆಯಲ್ಲಿ ಕಡಲೆಹೊಟ್ಟಿನ ವಾಸನೆ ಹಾಗೇ ಉಳಿದಿತ್ತು. ಅಲ್ಲಿ ಈಗ ಎಕ್ಸ್‌ರೇ ಕೋಣೆಗೆ ಬೇಕಾದ ದಿಂಬುಗಳನ್ನು ಹೊಲಿಯುತ್ತಾರೆ. ನೆಟ್ಟಗೆ ನಿಲ್ಲಲಾಗದ ಮುದುಕರು, ಮಗ್ಗುಲು ಹೊರಳಿಸಲಾಗದ ರೋಗಿಗಳು, ಇಂಥವರ ಬೆನ್ನಿಗೋ ಮೊಣಕಾಲಿಗೋ ಕೊಟ್ಟರೆ ಅವರು ಅಲುಗಾಡದೆ ಮಲಗುತ್ತಾರೆ, ಚಿತ್ರ ಸ್ಪಷ್ಟವಾಗಿ ಬರುತ್ತದೆ. ನೋಡಲು ಮೂರು ಮೂಲೆಯ ಗಟ್ಟಿ ದಿಂಬು, ಮೇಲೆ ನೀಲಿ ರೆಕ್ಸಿನ್. ಫೋಮನ್ನು ಕಿರಣ ಸಲೀಸಾಗಿ ದಾಟಿ ಹೋಗುವುದರಿಂದ ಫಿಲ್ಮಿನಲ್ಲಿ ದಿಂಬಿನ ಗುರುತೇ ಇರುವುದಿಲ್ಲ. "ಇದ್ದೂ ಇಲ್ಲಧಂಗ ಇರೂದ ಇದರ ಗುಣ ಡಾಕ್ಟರ್" ಎಂದು ಪ್ರಭು ಆಸ್ಪತ್ರೆಯಿಂದ ಆಸ್ಪತ್ರೆಗೆ ಹೇಳಿಕೊಂಡು ತಿರುಗಿದ್ದ. ಹುಬ್ಬಳ್ಳಿಯಲ್ಲಿ ಎಕ್ಸ್‌ರೇ ಫಿಲ್ಮ್ ಮಾರುವ ಕಂಪನಿಯಲ್ಲಿದ್ದು, ಫಿಲ್ಮಿನ ಕಾಲ ಮುಗಿಯುತ್ತ ಬಂದಾಗ ಊರಿಗೆ ಮರಳಿ ಈ ಕೆಲಸ ಹಿಡಿದವನು. ಬೀಗರು ಬಿಜ್ಜರ ಲೆಕ್ಕದಲ್ಲಿ ಅವನು ಅರ್ಧ ಡಾಕ್ಟರ. ಆ ಅರ್ಧವನ್ನು ಅವನು ಎಂದೂ ಅಲ್ಲಗಳೆದಿರಲಿಲ್ಲ.

"ಇದು ಅಗದಿ ಕಮ್ಮಿ ಅಪಾಯದ ವರ್ಗದಾಗ ಬರ್ತದ ಸರ್," ಎಂದು ಸಾಧಿಕ್ ಬೆರಳಾಡಿಸುತ್ತ ಹೇಳಿದ. ಹುಬ್ಬಳ್ಳಿಯ ಹುಡುಗ, ಇಂಥ ಅರ್ಜಿಗಳನ್ನು ತುಂಬಿಕೊಡುವುದೇ ಅವನ ಕಸುಬು. "ಮೈಯಾಗ ಚುಚ್ಚೂದಲ್ಲ, ಏನೂ ಅಳೆಯೂದಲ್ಲ. ಇಂಥಾದಕ್ಕ ಲೈಸೆನ್ಸ್ ಬೇಕಾಗಿಲ್ರಿ, ನೋಂದಣಿ ಆದ್ರ ಮುಗೀತು. ನೀವ ಪ್ರಮಾಣ ಮಾಡಬೇಕು, ಸುರಕ್ಷಿತ ಐತಿ ಅಂತ."

"ನೋಡಾಕ ಯಾರ ಬರ್ತಾರ?"

"ಈಗಂತೂ ಯಾರೂ ಬರೂದಿಲ್ರಿ. ಮುಂದ ಯಾರರೆ ತಕರಾರ ಮಾಡಿದ್ರ ಬರಬಹುದು. ದಿಂಬಿನ ಮ್ಯಾಲೆ ಯಾರ ತಕರಾರ ಮಾಡ್ತಾರ ಬಿಡ್ರಿ."

ಪ್ರಭುವಿಗೆ ನಿರಾಸೆಯಾಯಿತು. ಯಾಕೆ ಎಂದು ತನ್ನನ್ನೇ ಕೇಳಿಕೊಂಡು ನಾಚಿದ. ಯಾರಾದರೊಬ್ಬ ಸಾಹೇಬ ಬರಬೇಕಿತ್ತು. ಚಷ್ಮಾ ಏರಿಸಿ, ದಿಂಬನ್ನು ಹೊರಳಿಸಿ, ಹೊಲಿಗೆ ಬಿಚ್ಚಿಸಿ, ಏನಿದು ಎಂದು ಗದರಬೇಕಿತ್ತು. ಬಚ್ಚಿಟ್ಟವನಿಗೆ ಸಿಕ್ಕಿಬೀಳುವ ಸುಖವಾದರೂ ಇರಬೇಕಲ್ಲ. ಅಜ್ಜ ಒಮ್ಮೆ ಬದುವಿನ ಜಗಳದಲ್ಲಿ ಕರಡಿಗೆ ಬಿಚ್ಚಿ, ಲಿಂಗವನ್ನು ಅಂಗೈಯಲ್ಲಿಟ್ಟು ಪ್ರಮಾಣ ಮಾಡಿದ್ದ. ಆತ ಹೇಳಿದ್ದು ಖರೆಯೇ ಇತ್ತು, ಆದರೂ ಕೈ ನಡುಗುತ್ತಿತ್ತು, ಅಂದು ರಾತ್ರಿ ಊಟ ಮಾಡಲಿಲ್ಲ. ಇಲ್ಲಿ ಪ್ರಮಾಣವೆಂದರೆ ಮೊಬೈಲಿಗೆ ಬರುವ ಒಂದು ಸಂಖ್ಯೆ. ಅದನ್ನು ಓದಿ ಹೇಳಿದರೆ ಆಯಿತು.

ಆಚೆ ಚಾಪೆಯ ಮೇಲೆ ಅವ್ವ ಗುರವ್ವ, ಕೂಲಿಗೆ ಬರುವ ಮೀರಾಬಿ, ನಂದಾ ದಿಂಬಿನ ಕೊನೆಯ ಬದಿಯನ್ನು ಕೈಹೊಲಿಗೆ ಹಾಕುತ್ತಿದ್ದರು. ಅವ್ವ ಕೌದಿ ಹೊಲಿದು ಬೆಳೆದವಳು. ಅವಳ ಕೌದಿಗೆ ನಾಲ್ಕೂರಲ್ಲಿ ಹೆಸರಿತ್ತು. ಹೊಲಿಗೆ ಮುಗಿಯುವಾಗ ಕೊನೆಯ ಮೂಲೆಯನ್ನು ಹಾಗೇ ಬಿಟ್ಟು, ಅದರೊಳಗೆ ನಾಲ್ಕು ಅಕ್ಕಿಕಾಳು, ಒಂದು ಅಡಿಕೆ ಇಟ್ಟು ಮುಚ್ಚುತ್ತಿದ್ದಳು. ಹೊದೆಯುವವರ ಮನೆಗೆ ಬರಿಗೈಲೆ ಕಳಿಸಬಾರದು, ಹೆಣ್ಣುಮಗಳಿದ್ದಂತೆ, ಉಡಿ ತುಂಬಿ ಕಳಿಸಬೇಕು. ಶೆಡ್ಡಿನಲ್ಲಿ ಮೊದಲ ಗಂಟು ದಿಂಬು ಮುಗಿದ ದಿನ ಆಕೆ ಕೊನೆಯ ದಿಂಬಿನ ಫೋಮಿಗೆ ಸಣ್ಣದೊಂದು ಸೀಳು ಮಾಡಿ, ಗುಂಡಡಿಕೆ ತುರುಕಿ, ಹೊಲಿದು, ಕಣ್ಣಿಗೆ ಒತ್ತಿಕೊಂಡಿದ್ದಳು. ಪ್ರಭು ನೋಡಿದ್ದ. ನಕ್ಕಿದ್ದ. "ಏನಬೇ ಅವ್ವಾ, ದಿಂಬಿಗೂ ಉಡಿ ತುಂಬ್ತೀಯೇನು?" ಎಂದಿದ್ದ. "ಇದರ ಮ್ಯಾಲ ಮಲಗಾವ್ರು ಜಡ್ಡಿನವ್ರು ಮಗನ. ಬರೀ ಉಡೀಲೆ ಏಳಬಾರ್ದು," ಎಂದಿದ್ದಳು. ಅವನಿಗೆ ಆ ಮಾತು ಎಷ್ಟು ಹಿಡಿಸಿತೆಂದರೆ ಸುನಿತಾಗೂ ಹೇಳಿದ, ಗೆಳೆಯರಿಗೂ ಹೇಳಿದ. ಗಂಟಿಗೆ ಒಂದೇ ದಿಂಬು, ಅದೂ ಮೂಲೆಯಲ್ಲಿ. ಮೂಲೆ ಚಿತ್ರದ ಹೊರಗೇ ಉಳಿಯುತ್ತದೆ ಎಂದುಕೊಂಡಿದ್ದ. ಅಥವಾ ಏನೂ ಅಂದುಕೊಂಡಿರಲಿಲ್ಲ, ಈಗ ಹಾಗೆ ಅಂದುಕೊಂಡಿದ್ದೆ ಎಂದು ಅಂದುಕೊಳ್ಳುತ್ತಿದ್ದ. ಎರಡರಲ್ಲಿ ಯಾವುದು ಖರೆ ಎಂಬುದು ಅವನಿಗೇ ಬಗೆಹರಿದಿರಲಿಲ್ಲ.

ಶಲವಡಿಯ ಸಣ್ಣವ್ವ ಅವ್ವನ ತಂಗಿ, ಪ್ರಭುವಿನ ಚಿಗವ್ವ. ಮಳೆಗಾಲ ಮುಗಿಯುವ ಹೊತ್ತಿಗೆ ಅವಳಿಗೆ ಹತ್ತಿದ ಕೆಮ್ಮು ಬಿಡಲಿಲ್ಲ. ಸೊಂಟ ಹಿಡಿದು ನಿಲ್ಲಲಾಗದ ಮುದುಕಿಯನ್ನು ಮಗ ಮಾಂತೇಶ ಒಂದು ಖಾಸಗಿ ದವಾಖಾನೆಗೆ ಕರೆದುಕೊಂಡು ಹೋಗಿ, ಮಲಗಿಸಿಯೇ ಎದೆಯ ಚಿತ್ರ ತೆಗೆಸಿದ. ಪ್ರಭುವಿನ ದಿಂಬುಗಳಿದ್ದ ದವಾಖಾನೆ. ನಮ್ಮಣ್ಣನ ದಿಂಬಿನ ಮ್ಯಾಲೇ ಮಲಗಿಸಿದ್ರು ಎಂದು ಮಾಂತೇಶ ಹೆಮ್ಮೆಯಿಂದ ಫೋನಿನಲ್ಲಿ ಹೇಳಿದ್ದ. ಬಲಗಡೆಯ ಫುಪ್ಪುಸದ ಮೇಲ್ಭಾಗದಲ್ಲಿ ದುಂಡನೆಯ ಕಲೆ ಇತ್ತು. ಕಫದಲ್ಲಿ ಏನೂ ಸಿಗಲಿಲ್ಲ, ಆದರೆ ಕಲೆ ಇದೆಯಲ್ಲ, ಕೆಮ್ಮೂ ಇದೆಯಲ್ಲ ಎಂದು ಕ್ಷಯದ ಗುಳಿಗೆ ಶುರು ಮಾಡಿದರು. ಮಾಂತೇಶ ಫಿಲ್ಮ್ ಹಿಡಿದು ಅಣ್ಣಿಗೇರಿಗೆ ಬಂದ. ಬಸ್‌ಸ್ಟ್ಯಾಂಡಿನ ಚಹಾದಂಗಡಿಯ ಮುಂದೆ ಪ್ರಭು ಅದನ್ನು ಆಕಾಶಕ್ಕೆ ಹಿಡಿದು ನೋಡಿದ. ಪಕ್ಕದ ಬೆಂಚಿನವರೂ ಮಾತು ನಿಲ್ಲಿಸಿ ನೋಡಿದರು. ಕಲೆಯ ಒಂದು ಬದಿ ಚಪ್ಪಟೆ, ಇನ್ನೊಂದು ಬದಿ ಗುಂಡಗೆ, ಅಂಚು ಕೊರೆದಂತೆ ಸಾಪು. ರೋಗ ಇಷ್ಟು ನೀಟಾಗಿ ಬೆಳೆಯುವುದಿಲ್ಲ ಎಂದು ಅವನೊಳಗೆ ಯಾರೋ ಅಂದರು. ಹತ್ತು ವರ್ಷ ಫಿಲ್ಮಿನ ನಡುವೆಯೇ ಬದುಕಿದವನ ಒಳಗಿನ ಯಾರೋ. ಅದನ್ನು ಮಾತು ಮುಗಿಸಗೊಡದೆ ಪ್ರಭು ಗಂಟಲು ಸರಿಮಾಡಿಕೊಂಡು, "ಡಾಕ್ಟರ್ ಬರೋಬ್ಬರಿ ಹೇಳ್ಯಾರ. ಗುಳಿಗಿ ಒಂದ ದಿವಸಾನೂ ತಪ್ಪಸಬ್ಯಾಡ್ರಿ. ನಡಕ ಬಿಟ್ರ ಭಾಳ ಕೆಟ್ಟದು," ಎಂದ. ಬೆಂಚಿನವರು ತಲೆಯಾಡಿಸಿದರು. ಅವರು ತಲೆಯಾಡಿಸಿದ್ದು ಅವನಿಗೆ ಹಿತವಾಗಿತ್ತು ಎಂಬುದು ಈಗ ಎಲ್ಲಕ್ಕಿಂತ ಹೆಚ್ಚು ಸುಡುತ್ತಿತ್ತು.

ಒಳಗಿನ ಮಾತನ್ನು ಎಷ್ಟು ದಿನ ಅದುಮಿಡಲಾದೀತು. ಮೊನ್ನೆ ಅದೇ ದವಾಖಾನೆಗೆ ಹೋಗಿ, ಹೊಸ ನಮೂನೆಯದು ಬಂದಿದೆ ಎಂದು ಸುಳ್ಳು ಹೇಳಿ, ಹಳೆಯ ದಿಂಬುಗಳನ್ನು ಬದಲಿಸಿ ತಂದ. ನವಲಗುಂದ ರಸ್ತೆಯ ಹತ್ತಿಹೊಲದ ಬದುವಿನಲ್ಲಿ ಬೈಕು ನಿಲ್ಲಿಸಿ, ರಣರಣ ಬಿಸಿಲಿನಲ್ಲಿ, ಒಂದೊಂದನ್ನೇ ಬ್ಲೇಡಿನಿಂದ ಸೀಳಿದ. ಹತ್ತಿ ಬಿಡಿಸುತ್ತಿದ್ದ ಹೆಂಗಸರು ದೂರದಿಂದ ನೋಡಿ ಏನೋ ಅಂದುಕೊಂಡು ನಕ್ಕರು. ಮೊದಲ ಎರಡರಲ್ಲಿ ಫೋಮ್ ಬಿಟ್ಟು ಏನೂ ಇರಲಿಲ್ಲ. ಅವನಿಗೆ ಅಳು ಬರುವಷ್ಟು ಸಂತೋಷವಾಯಿತು. ಮೂರನೆಯದರ ಮೂಲೆಯಿಂದ ಅಡಿಕೆ ಉದುರಿ ಎರೆಮಣ್ಣಿನ ಬಿರುಕಿನ ಅಂಚಿಗೆ ಹೋಗಿ ನಿಂತಿತು. ಇನ್ನೂ ತುಸು ಉರುಳಿದ್ದರೆ ಒಳಗೆ ಬಿದ್ದುಬಿಡುತ್ತಿತ್ತು. ಅವನೇ ಬಾಗಿ ಎತ್ತಿಕೊಂಡ.

ಶೆಡ್ಡಿನಲ್ಲಿ ಮೊಬೈಲು ಬಡಿದುಕೊಂಡಿತು. ಮಾಂತೇಶನ ಫೋನು.

"ಪ್ರಭಣ್ಣಾ, ಅವ್ವನ ಕಣ್ಣು ಅರಿಷಿಣ ಆಗ್ಯಾವು. ಎರಡ ದಿವಸ ಆತು, ಉಣವಲ್ಲಳು. ಉಂಡದ್ದು ನಿಲ್ಲವಲ್ದು. ಕಾಮಣಿ ಅಂತಾರ ಇಲ್ಲಿ ಮಂದಿ. ಕಾಕಾ ಒಬ್ಬಾಂವ ಸೊಪ್ಪಿನ ಔಷಧ ಕೊಟ್ಟಾನ. ನೀ ಒಮ್ಮಿ ಬಂದ ನೋಡಿ ಹೋಗು."

ಕ್ಷಯದ ಗುಳಿಗೆ ಕೆಲವರ ಪಿತ್ತಜನಕಾಂಗವನ್ನು ಕೆಡಿಸುತ್ತದೆ, ಕಣ್ಣು ಹಳದಿಯಾದರೆ ತಡಮಾಡಬಾರದು ಎಂಬುದನ್ನು ಪ್ರಭು ಎಷ್ಟೋ ಡಾಕ್ಟರರ ಕೋಣೆಯ ಹೊರಗೆ ಕಾಯುತ್ತ ಕೂತಾಗ ಕೇಳಿದ್ದ. ಮಾತಾಡಲು ಬಾಯಿ ತೆರೆದ.

"ಸರ್, ನಂಬರ್ ಬಂತೇನ್ ನೋಡ್ರಿ," ಎಂದ ಸಾಧಿಕ್. "ಲಗೂ ಹೇಳ್ರಿ, ಟೈಮ್ ಮುಗದ ಹೋಗ್ತದ."

"ಒಂದ ನಿಮಿಷ ಮಾಂತೇಶ," ಎಂದ ಪ್ರಭು. ಫೋನನ್ನು ಕಿವಿಯಿಂದ ತೆಗೆದು, ಪರದೆಯ ಮೇಲೆ ಬಂದಿದ್ದ ಅಂಕಿಗಳನ್ನು ಒಂದೊಂದಾಗಿ ಓದಿದ. ದನಿ ನಡುಗಲಿಲ್ಲ. ಅಜ್ಜನ ನೆನಪಾಗಿ ತನ್ನ ಕೈಯನ್ನು ನೋಡಿಕೊಂಡ. ಕೈಯೂ ನಡುಗುತ್ತಿರಲಿಲ್ಲ. ಆ ಕಡೆ ಚಿಗವ್ವನ ಮನೆಯಲ್ಲಿ ಆಕಳು ಕೂಗುವುದು ಫೋನಿನಲ್ಲಿ ಸಣ್ಣಗೆ ಕೇಳುತ್ತಿತ್ತು, ಮಾಂತೇಶ ಅಂಕಿಗಳನ್ನೆಲ್ಲ ಸುಮ್ಮನೆ ಕೇಳಿಸಿಕೊಳ್ಳುತ್ತಿದ್ದ.

ನೋಂದಣಿ ಆಯಿತು. ಈಗಲೇ ಬರುತ್ತೇನೆ ಎಂದು ಮಾಂತೇಶನಿಗೆ ಹೇಳಿ ಪ್ರಭು ಫೋನಿಟ್ಟ. ಸಾಧಿಕ್ ಲ್ಯಾಪ್‌ಟಾಪನ್ನು ಹೆಂಗಸರ ಕಡೆ ತಿರುಗಿಸಿ ತೋರಿಸಿದ. "ದಿಂಬು ಪಾಸ್ ಆತೇನ್ರಿ? ನಾ ಎಸ್ಸೆಲ್ಸಿ ಆಗಲಿಲ್ಲ, ನಾ ಹೊಲಿದ ದಿಂಬು ಆತು," ಎಂದು ಮೀರಾಬಿ ನಕ್ಕಳು. ನಂದಾ ಸಕ್ಕರೆ ತರಲು ಎದ್ದಳು. ಅವ್ವ ಏನೂ ತಿಳಿಯದಿದ್ದರೂ ಪರದೆಗೆ ಕೈಮುಗಿದಳು. ಈ ನೋಂದಣಿ ನಂಬರು ಇಲ್ಲದೆ ಇನ್ನು ಮುಂದೆ ಒಂದು ದಿಂಬನ್ನೂ ತಗೊಳ್ಳುವುದಿಲ್ಲ ಎಂದು ಹುಬ್ಬಳ್ಳಿಯ ವ್ಯಾಪಾರಿ ಹೇಳಿದಂದಿನಿಂದ ಆಕೆ ಸೋಮವಾರದ ಒಪ್ಪತ್ತು ಹಿಡಿದಿದ್ದಳು. ಚಿಗವ್ವನ ಸುದ್ದಿ ಹೇಳಿದಾಗ ಸೂಜಿಯನ್ನು ಸೆರಗಿಗೆ ಚುಚ್ಚಿಕೊಂಡು ಎದ್ದು ನಿಂತು, "ನಡಿ, ನಾನೂ ಬರ್ತೇನಿ," ಎಂದಳು.

ಶಲವಡಿಯ ದಾರಿಯಲ್ಲಿ ಎರಡೂ ಕಡೆ ಎರೆಹೊಲ. ಕಡಲೆ ಗೇಣುದ್ದ ಎದ್ದಿತ್ತು. ಬೈಕಿನ ಹಿಂದೆ ಕೂತ ಅವ್ವ, ತಾನೂ ಸಣ್ಣವ್ವನೂ ಒಂದೇ ಕೌದಿಯಲ್ಲಿ ಮಲಗುತ್ತಿದ್ದದ್ದು, ಚಳಿಗೆ ಆಕೆ ಇಡೀ ಕೌದಿಯನ್ನು ತನ್ನ ಕಡೆ ಎಳೆದುಕೊಳ್ಳುತ್ತಿದ್ದದ್ದು ಹೇಳುತ್ತಿದ್ದಳು. ಹೇಳುತ್ತ ಹೇಳುತ್ತ ಅವಳ ದನಿ ಸಣ್ಣದಾಯಿತು. ಈಗ ಹೇಳಬೇಕು ಎಂದುಕೊಂಡ ಪ್ರಭು. ಅವ್ವನ ಮುಖ ಕಾಣುವುದಿಲ್ಲ, ತನ್ನ ಮುಖ ಅವಳಿಗೆ ಕಾಣುವುದಿಲ್ಲ, ಇದಕ್ಕಿಂತ ಒಳ್ಳೆಯ ಹೊತ್ತು ಸಿಗದು. ಏನು ಹೇಳುವುದು. ನಿನ್ನ ಅಡಿಕೆ ನಿನ್ನ ತಂಗಿಯ ಎದೆಯಲ್ಲಿ ಕಂಡಿತು ಎನ್ನುವುದೇ. ಅಡಿಕೆ ಅವಳದಾದರೂ ನಕ್ಕು ಬಿಟ್ಟವನು ತಾನು, ಫಿಲ್ಮ್ ನೋಡಿ ಗುಳಿಗೆ ನುಂಗು ಎಂದವನು ತಾನು. ಅವ್ವನ ಮೇಲೆ ಹಾಕಿದರೆ ಅರ್ಧ ಹಗುರಾಗುತ್ತೇನೆ ಎಂಬ ಲೆಕ್ಕ ತನ್ನೊಳಗೆ ಆಗಲೇ ನಡೆದಿರುವುದು ಕಂಡು ಅವನಿಗೆ ಹೇಸಿಕೆಯಾಯಿತು.

"ಅವ್ವಾ, ದಿಂಬಿನ್ಯಾಗ ಅಡಿಕಿ ಇಡ್ತೀಯಲ್ಲ," ಎಂದ.

"ಇಟ್ಟೇನಿ ತಗೋ, ಈ ಸಲದ ಗಂಟಿಗೂ ಇಟ್ಟೇನಿ. ಮರೀತೇನೇನು?" ಎಂದಳು ಅವ್ವ. ಹಿಂದಿನಿಂದ ಅವನ ಹೆಗಲು ತಟ್ಟಿದಳು.

ಪ್ರಭು ಬೈಕಿನ ವೇಗ ಹೆಚ್ಚಿಸಿದ. ಗದಗಿಗೆ ಹೋದ ಗಂಟು, ಕೊಪ್ಪಳಕ್ಕೆ ಹೋದ ಗಂಟು, ಹೆಸರೂ ನೆನಪಿಲ್ಲದ ದವಾಖಾನೆಗಳಿಗೆ ಹೋದ ಗಂಟುಗಳು ಕಣ್ಣ ಮುಂದೆ ಬಂದವು. ಅಲ್ಲಲ್ಲಿ ಯಾರೋ ಮಲಗಿದ್ದಾರೆ, ಅವರವರ ಎದೆಯಲ್ಲಿ, ಸೊಂಟದಲ್ಲಿ, ಒಂದೊಂದು ದುಂಡನೆಯ ಕಲೆ. ಅವರೆಲ್ಲರ ಮುಖವೂ ಚಿಗವ್ವನದೇ ಆಗಿತ್ತು.

ಸಣ್ಣವ್ವ ಪಡಸಾಲೆಯಲ್ಲಿ ಗೋಡೆಗೆ ಒರಗಿ ಕೂತಿದ್ದಳು. ಕಣ್ಣಿನ ಬಿಳಿಯೆಲ್ಲ ಹಳದಿಯಾಗಿತ್ತು. ಅವನನ್ನು ನೋಡಿದ್ದೇ ಮುಖ ಅರಳಿತು. ಅಷ್ಟು ಸೋತ ಮುಖ ತನಗಾಗಿ ಅರಳಿದ್ದನ್ನು ತಾಳಲಾರದೆ ಪ್ರಭು ಚಪ್ಪಲಿ ಬಿಡುವ ನೆಪದಲ್ಲಿ ಬಹಳ ಹೊತ್ತು ಬಾಗಿದ. ಅವಳ ಗಂಡ ಗುಡದಪ್ಪ ಹೊಲಕ್ಕೆ ಹೋಗಿದ್ದ. ಫಿಲ್ಮಿನ ಲಕೋಟೆಯನ್ನು ದೇವರ ಪಟದ ಹಿಂದೆ ಸಿಕ್ಕಿಸಿಟ್ಟಿದ್ದರು.

"ಬಂದ್ಯಾ ನನ್ನಪ್ಪಾ. ಗುಳಿಗಿ ಒಂದ ದಿವಸಾನೂ ಬಿಟ್ಟಿಲ್ಲ ನೋಡು. ವಾಂತಿ ಆದ್ರೂ ಬಿಟ್ಟಿಲ್ಲ. ಪ್ರಭು ಹೇಳ್ಯಾನಂದ್ರ ಮುಗೀತು ಅಂತ ನುಂಗೇನಿ," ಎಂದಳು.

"ಇವತ್ತಿಂದು ಇನ್ನೂ ತಗೊಂಡಿಲ್ಲ," ಎಂದು ಮಾಂತೇಶ ಗುಳಿಗೆಯ ಸ್ಟ್ರಿಪ್ ತಂದ. "ನೀ ಬರ್ತೀ ಅಂತ ಕುಂತಾಳ. ನಿನ್ನ ಕೈಲೆ ಕೊಡು ಅಂತಾಳ."

"ಬ್ಯಾಡ," ಎಂದ ಪ್ರಭು. "ಇವತ್ತ ಗುಳಿಗಿ ಬ್ಯಾಡ. ಈಗ ಗಾಡಿ ಮಾಡಿ ಹುಬ್ಬಳ್ಳಿಗೆ ಹೋಗೂಣು. ಗುಳಿಗೀಲೇ ಹಿಂಗಾಗೇತಿ."

ಮಾಂತೇಶ ಸ್ಟ್ರಿಪ್ಪನ್ನು ಹಿಡಿದುಕೊಂಡೇ ನಿಂತ. "ಬಿಡಬ್ಯಾಡ ಅಂದಾಂವ ನೀನ. ನಡಕ ಬಿಟ್ರ ಕೆಟ್ಟ ಅಂದಿ. ದವಾಖಾನ್ಯಾಗೂ ಅದನ್ನ ಹೇಳ್ಯಾರ. ಎದಿಯಾಗಿನ ಗಂಟು ಕರಗಬೇಕಲ್ಲಣ್ಣ. ಕಾಮಣಿಗೆ ಬ್ಯಾರೆ ಔಷಧ ನಡದೈತಿ. ಈಗ ಯಾಕ ಬಿಡಬೇಕು?"

ಅವನ ದನಿಯಲ್ಲಿ ಜಗಳವಿರಲಿಲ್ಲ. ತಿಳಿದುಕೊಳ್ಳಬೇಕೆಂದೇ ಕೇಳಿದ್ದ. ಆ ಯಾಕಕ್ಕೆ ಇಡೀ ಲೋಕದಲ್ಲಿ ಒಂದೇ ಉತ್ತರವಿತ್ತು, ಅದು ಪ್ರಭುವಿನ ಕಿಸೆಯಲ್ಲಿತ್ತು. ಕೈ ಹಾಕಿದ. ಬೆರಳಿಗೆ ಮೊದಲು ಕರವಸ್ತ್ರ ಸಿಕ್ಕಿತು, ಬೈಕಿನ ಕೀಲಿ ಸಿಕ್ಕಿತು. ಅಡಿಕೆಯನ್ನು ತೆಗೆದು ಅಂಗೈಯಲ್ಲಿಟ್ಟು ಚಾಚಿದ. ಈಗ ಕೈ ನಡುಗುತ್ತಿತ್ತು.

"ಚಿಗವ್ವಾ, ನಿನ್ನ ಎದಿಯಾಗ ಗಂಟಿಲ್ಲ. ಅವತ್ತು ನಿನ್ನ ಬೆನ್ನಿಗೆ ಕೊಟ್ಟಿದ್ದ ದಿಂಬಿನ್ಯಾಗ ಈ ಅಡಿಕಿ ಇತ್ತು. ಅದು ಫೋಟೋದಾಗ ಬಂದೈತಿ. ನನಗ ಅವತ್ತ ಸಂಶೇ ಬಂದಿತ್ತು, ಹೇಳಲಿಲ್ಲ. ದಿಂಬಿನ್ಯಾಗ ಅಡಿಕಿ ಇಡಾಕಿ ಅವ್ವ. ಕೇಳ ಬೇಕಾರ."

ಆಕಳು ಒಮ್ಮೆ ಕೂಗಿ ಸುಮ್ಮನಾಯಿತು. ಮಾಂತೇಶ ಅಡಿಕೆಯನ್ನು ನೋಡಿದ, ಪ್ರಭುವನ್ನು ನೋಡಿದ. ಸಣ್ಣವ್ವ ತನ್ನ ಹಳದಿ ಕಣ್ಣುಗಳನ್ನು ನಿಧಾನಕ್ಕೆ ಅಕ್ಕನ ಕಡೆ ತಿರುಗಿಸಿದಳು.

"ಹೌದೇನಬೇ ಯಕ್ಕಾ?"

ಗುರವ್ವನ ಕೈ ಕೊರಳ ಕರಡಿಗೆಯ ಕಡೆ ಹೋಗಿ, ಅದನ್ನು ಮುಟ್ಟದೆ ಕೆಳಗಿಳಿಯಿತು. ಅವಳು ಮಗನನ್ನು ನೋಡಿದಳು. ಆ ನೋಟದಲ್ಲಿ ಎಲ್ಲವೂ ಇತ್ತು. ಬೈಕಿನ ಮೇಲೆ ಅವನು ಯಾಕೆ ಕೇಳಿದ ಎಂಬುದು ಈಗ ತಿಳಿದಿತ್ತು, ಶೆಡ್ಡು, ಮೀರಾಬಿ, ನಂದಾ, ಬೆಳಿಗ್ಗೆ ಬಂದ ನಂಬರು, ಎಲ್ಲ ಇತ್ತು. ತಂಗಿಯೂ ಇದ್ದಳು. ಪ್ರಭುವಿಗೆ ಒಂದು ಕ್ಷಣ, ಅವ್ವ ಹೌದು ಅಂದುಬಿಡುತ್ತಾಳೆ ಅನ್ನಿಸಿತು. ಅವಳು ಸುಳ್ಳಾಡಿದ್ದನ್ನು ಅವನು ಹುಟ್ಟಿದಾಗಿನಿಂದ ಕಂಡಿರಲಿಲ್ಲ.

"ಹುಚ್ಚ ಐತಿ ಇದು," ಎಂದಳು ಗುರವ್ವ. "ನಿನ್ನ ಚಿಂತೀಲೆ ಏನೇನರೆ ಮಾತಾಡತೈತಿ. ದಿಂಬಿನ್ಯಾಗ ಯಾರರೆ ಅಡಿಕಿ ಇಡ್ತಾರೇನವಾ? ಬರೀ ಫೋಮ್ ಇರ್ತೈತಿ. ಮುಂಜಾನೆ ತಾನ ಸರಕಾರಕ್ಕ ಬರದು ಕೊಟ್ಟಾನ ಬರೀ ಫೋಮ್ ಅಂತ. ನಾ ಅಲ್ಲೇ ಕುಂತಿದ್ನೆಲ್ಲ."

ಎದ್ದು ಬಂದು ಮಗನ ಅಂಗೈಯಿಂದ ಅಡಿಕೆಯನ್ನು ತೆಗೆದುಕೊಂಡಳು. "ನಂಬರ ಬಂತಲ್ಲ ಇವತ್ತ, ಅದರ ಶುಭದ ಅಡಿಕಿ ಇದು. ನಿನಗಂತ ತಂದಾನ. ಉಡಿ ಒಡ್ಡ ಸಣ್ಣವ್ವಾ." ಸಣ್ಣವ್ವ ಸೆರಗನ್ನು ಎರಡೂ ಕೈಯಲ್ಲಿ ಹಿಡಿದು ಒಡ್ಡಿದಳು. ಅಡಿಕೆ ಅದರೊಳಗೆ ಬಿತ್ತು. ಆಕೆ ಅದನ್ನು ಗಂಟು ಹಾಕಿ ಸೊಂಟಕ್ಕೆ ಸಿಕ್ಕಿಸಿಕೊಂಡಳು.

ಪ್ರಭು ಬಾಯಿ ತೆರೆದ. ಇನ್ನೊಂದು ಮಾತು ಸಾಕಿತ್ತು. ದೇವರ ಪಟದ ಹಿಂದಿನ ಫಿಲ್ಮ್ ತೆಗೆದು ಬೆಳಕಿಗೆ ಹಿಡಿದರೆ, ಮೀರಾಬಿಗೆ ಫೋನು ಮಾಡಿದರೆ, ಅವ್ವನ ಕೈಯನ್ನು ಹಿಡಿದು ಕರಡಿಗೆಯ ಮೇಲಿಟ್ಟರೆ ಸಾಕಿತ್ತು. ಆದರೆ ಅವನೊಳಗೆ ಎಲ್ಲೋ ಏನೋ ಸಡಿಲಾಗಿ ಕೆಳಗಿಳಿಯುತ್ತಿತ್ತು. ಮೊನ್ನೆಯಿಂದ ಮೊದಲ ಸಲ ತೊಡೆಗೆ ಏನೂ ಒತ್ತುತ್ತಿರಲಿಲ್ಲ. ಅದು ಹಾಯೆನಿಸಿತು ಎಂದು ತಿಳಿದು ಅವನಿಗೆ ತನ್ನ ಬಗ್ಗೆ ಭಯವಾಯಿತು. ನಾನು ಹೇಳಿದ್ದೇನೆ, ನಂಬದಿದ್ದರೆ ನಾನೇನು ಮಾಡಲಿ ಎಂಬ ಮಾತು ಒಳಗೆ ಆಗಲೇ ಸಿದ್ಧವಾಗಿತ್ತು.

"ನಾಳೆ ಮುಂಜಾನೆ ಹೋಗೂಣಂತ ಹುಬ್ಬಳ್ಳಿಗೆ," ಎಂದ ಮಾಂತೇಶ, ಅಣ್ಣನನ್ನು ಸಮಾಧಾನ ಮಾಡುವವನಂತೆ. "ನಿನಗೂ ದಿಂಬಿನ ದಗದದಾಗ ತಲಿ ಕೆಟ್ಟೈತಿ." ಗುಳಿಗೆಗಳನ್ನು ಬಿಡಿಸಿ ತನ್ನ ಅವ್ವನ ಅಂಗೈಗೆ ಹಾಕಿದ. ನೀರಿನ ತಂಬಿಗೆಯನ್ನು ಪ್ರಭುವಿನ ಕೈಗೆ ಕೊಟ್ಟ.

ಸಣ್ಣವ್ವ ಗುಳಿಗೆಗಳನ್ನು ಬಾಯಿಗೆ ಹಾಕಿಕೊಂಡು, ನೀರಿಗಾಗಿ ಅವನ ಕಡೆ ಮುಖ ಎತ್ತಿದಳು. ಗುರವ್ವ ಗೋಡೆಯ ಕಡೆ ತಿರುಗಿ ಕೂತಿದ್ದಳು. ಪ್ರಭು ಬಾಗಿ, ನೀರು ಚೆಲ್ಲದ ಹಾಗೆ ನಿಧಾನಕ್ಕೆ ಕುಡಿಸಿದ.